ಕಾಣದ ಕಾವಲು

ಬೆನ್ನು ಬಾಗಿ, ಕೋಲೂರಿ ನಡೆಯುವ ಅಜ್ಜಿಯನ್ನು ಕಂಡವರು 'ವಯಸ್ಸಾಯಿತು, ಬೆನ್ನು ಬಾಗಿತು' ಎಂದು ಹೇಳಿ ಸುಮ್ಮನಾಗುತ್ತಾರೆ. ಆದರೆ ಅದೇ ವಯಸ್ಸಿನ ಅಜ್ಜಂದಿರ ಬೆನ್ನು ಸಾಮಾನ್ಯವಾಗಿ ಅಷ್ಟು ಬಾಗಿರುವುದಿಲ್ಲ. ಅಂಗಳದಲ್ಲಿ ಕಾಲು ಜಾರಿದೊಡನೆ ಮೂಳೆ ಮುರಿದು ಹಾಸಿಗೆ ಹಿಡಿಯುವವರಲ್ಲಿಯೂ ಅಜ್ಜಿಯರೇ ಹೆಚ್ಚು. ಇದಕ್ಕೆ ಕಾರಣವೇನು? ಸ್ತ್ರೀಯರ ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಹರಿಯುವ ಈಸ್ಟ್ರೊಜೆನ್ ಎಂಬ ವಸ್ತುವಿನಲ್ಲಿ ಇದರ ಉತ್ತರ ಬಹುಮಟ್ಟಿಗೆ ಅಡಗಿದೆ.

ನಮ್ಮ ದೇಹದಲ್ಲಿ ನಾಳಗಳಿಲ್ಲದ ಕೆಲವು ಗ್ರಂಥಿಗಳಿವೆ. ಅವು ತಯಾರಿಸುವ ರಾಸಾಯನಿಕಗಳು ನೇರವಾಗಿ ರಕ್ತವನ್ನು ಸೇರಿ, ದೂರದ ಅಂಗಗಳಿಗೆ ಆಜ್ಞೆಯನ್ನು ಒಯ್ಯುತ್ತವೆ. ಇವೇ ಹಾರ್ಮೋನುಗಳು. ಈಸ್ಟ್ರೊಜೆನ್ ಮುಖ್ಯವಾಗಿ ಅಂಡಾಶಯದಲ್ಲಿ ಉತ್ಪತ್ತಿಯಾಗುವ ಹಾರ್ಮೋನು. ಬಾಲಕಿಯು ಪ್ರೌಢಳಾಗುವಾಗ ಉಂಟಾಗುವ ಬದಲಾವಣೆಗಳಲ್ಲಿಯೂ ಋತುಚಕ್ರದ ನಿಯಮದಲ್ಲಿಯೂ ಇದರ ಪಾತ್ರ ಹಿರಿದು. ಗಿಡ ಹೂ ಬಿಡುವಷ್ಟೇ ಸಹಜವಾದ ಈ ಕ್ರಿಯೆಯಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬ ವಿಜ್ಞಾನಿಗಳು ಅಂಡಾಶಯದ ದ್ರವದಲ್ಲಿ ಇಂತಹ ವಸ್ತುವಿರುವುದನ್ನು ಪ್ರಯೋಗದಿಂದ ತೋರಿಸಿದರು. 1929ರಲ್ಲಿ ಡಾಯ್ಸಿಯವರೂ ಜರ್ಮನಿಯ ಅಡಾಲ್ಫ್ ಬುಟೆನಾಂಟರೂ ಬೇರೆಬೇರೆಯಾಗಿ ದುಡಿದು, ಈ ಗುಂಪಿನ ಒಂದು ಹಾರ್ಮೋನನ್ನು ಶುದ್ಧರೂಪದಲ್ಲಿ ಪಡೆದರು.

ಮೂಳೆ ಕಲ್ಲಿನಂತೆ ಜಡವಾದುದಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಿದ್ದರೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತಿರುತ್ತವೆ. ಕರಗಿಸುವ ಕೆಲಸ ಮಿತಿಮೀರದಂತೆ ಈಸ್ಟ್ರೊಜೆನ್ ಕಾವಲು ಕಾಯುತ್ತದೆ. ಸಾಮಾನ್ಯವಾಗಿ 45ರಿಂದ 50ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವಾಗ ಅದರ ಪ್ರಮಾಣ ಬಹಳವಾಗಿ ಕುಗ್ಗುತ್ತದೆ. ಕಾವಲು ಸಡಿಲವಾದೊಡನೆ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗಿ, ಮೂಳೆಗಳು ಟೊಳ್ಳಾಗತೊಡಗುತ್ತವೆ. ಬೆನ್ನೆಲುಬಿನ ಮಣಿಗಳು ಕುಸಿದಾಗ ಬೆನ್ನು ಬಾಗುತ್ತದೆ.

ಹಾಗಾದರೆ ಕಡಮೆಯಾದ ಹಾರ್ಮೋನನ್ನು ಔಷಧವಾಗಿ ಕೊಡಬಾರದೇಕೆ? ವೈದ್ಯರು ಹಾಗೆ ಕೊಟ್ಟುದೂ ಉಂಟು. ಆದರೆ ಅಮೆರಿಕದಲ್ಲಿ 16,608 ಸ್ತ್ರೀಯರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಪರೀಕ್ಷೆಯನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಈಸ್ಟ್ರೊಜೆನ್ನನ್ನು ಮತ್ತೊಂದು ಹಾರ್ಮೋನಿನೊಡನೆ ಸೇವಿಸಿದವರಲ್ಲಿ ಮೂಳೆಮುರಿತ ಕಡಮೆಯಾದರೂ, ಸ್ತನದ ಕ್ಯಾನ್ಸರ್ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದುವು. ಆದುದರಿಂದ ಈ ಚಿಕಿತ್ಸೆ ಎಲ್ಲರಿಗೂ ಒಂದೇ ಸಮನಾಗಿ ಒಗ್ಗುವುದಲ್ಲ; ವಯಸ್ಸು, ಆರೋಗ್ಯಗಳನ್ನು ತೂಗಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಮೂಳೆಯ ಉಳಿತಾಯ ಮುಪ್ಪಿನಲ್ಲಿ ಆಗುವುದಲ್ಲ, ಎಳೆತನದಲ್ಲಿ ಆಗತಕ್ಕದ್ದು. ಬೆಳೆಯುವ ವಯಸ್ಸಿನಲ್ಲಿ ಗಟ್ಟಿಗೊಂಡ ಮೂಳೆಯೇ ಮುಂದಿನ ನಷ್ಟವನ್ನು ತಾಳಿಕೊಳ್ಳಬಲ್ಲದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು, ಎಳ್ಳು, ಸೊಪ್ಪು, ಬಿಸಿಲು, ಆಟ ಇವೆಲ್ಲವೂ ಮೂಳೆಗೆ ಹಿತ. ಆದರೆ ಹಾಲಿನ ಲೋಟ ಮಗನ ಕೈಗೆ, ಮನೆಗೆಲಸ ಮಗಳ ಪಾಲಿಗೆ ಎನ್ನುವ ಮನೆಗಳು ಇನ್ನೂ ಉಂಟು. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಣ್ಣುವ ತಾಯಂದಿರೂ ಉಂಟು. ಅಜ್ಜಿಯ ಬಾಗಿದ ಬೆನ್ನಿಗೆ ಕಾಲವೊಂದೇ ಕಾರಣವಲ್ಲ. ಎಂದೋ ತಟ್ಟೆಯಲ್ಲಿ ಆದ ಆ ಕೊರತೆಯೂ ಕಾರಣವಾಗಿರಬಹುದು. ಅದನ್ನು ತುಂಬುವ ಕೆಲಸ ಪ್ರತಿಯೊಂದು ಮನೆಯ ಊಟದ ಪಂಕ್ತಿಯಲ್ಲಿಯೇ ಆರಂಭವಾಗಬೇಕು.