ಆಲೂಗಡ್ಡೆಗೆ ಕೊಬ್ಬು ಎಲ್ಲಿಂದ ಬಂತು?

ತೂಕ ಇಳಿಸಬೇಕೆಂದು ಹೊರಟವರು ಮೊದಲು ದೂರವಿಡುವ ತರಕಾರಿ ಆಲೂಗಡ್ಡೆ. ಪಾಪ, ಅದರ ತಪ್ಪೇನೂ ಇಲ್ಲ. 100 ಗ್ರಾಂ ಬೇಯಿಸಿದ ಗಡ್ಡೆಯಲ್ಲಿ ಕೊಬ್ಬು ಸುಮಾರು 0.1 ಗ್ರಾಂ ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚು ಬರೀ ನೀರು, ಉಳಿದದ್ದರಲ್ಲಿ ಬಹುಪಾಲು ಪಿಷ್ಟ. ಅದೇ ಗಡ್ಡೆ ಚಿಪ್ಸ್ ಆದಾಗ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಎಣ್ಣೆಯೇ ಇರುತ್ತದೆ.

ಹಸಿ ಹೋಳನ್ನು ಕಾದ ಎಣ್ಣೆಗೆ ಬಿಟ್ಟೊಡನೆ ಬುಸ್ಸೆಂದು ಗುಳ್ಳೆ ಏಳುತ್ತದಲ್ಲ, ಅದು ಹೋಳಿನೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುವ ಲಕ್ಷಣ. ಆವಿ ಹೊರಕ್ಕೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಕಡಿಮೆ. ಹೋಳನ್ನು ಜಾಲರಿಯಿಂದ ಎತ್ತಿ ತಟ್ಟೆಗೆ ಹಾಕಿದ ಮೇಲೆ ಕಥೆ ಬದಲಾಗುತ್ತದೆ. ತಣಿಯುತ್ತಿದ್ದಂತೆ ಒಳಗಿನ ಒತ್ತಡ ಕುಸಿದು, ಮೈಗೆ ಅಂಟಿದ ಎಣ್ಣೆ ನೀರು ಖಾಲಿ ಮಾಡಿಹೋದ ಸಣ್ಣ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ಹೋಳು ತೆಳುವಾದಷ್ಟೂ ಹೀರುವ ಎಣ್ಣೆ ಜಾಸ್ತಿ. ನೀರಿನಲ್ಲಿ ಬೇಯಿಸಿದ ಗಡ್ಡೆ ತನ್ನ ನೀರನ್ನು ಹಾಗೇ ಉಳಿಸಿಕೊಳ್ಳುವುದರಿಂದ ಎಣ್ಣೆ ಹೊಕ್ಕುವ ಜಾಗವೇ ಹುಟ್ಟುವುದಿಲ್ಲ.

ಹಾಗಾಗಿ ದೋಸೆಯ ಪಲ್ಯ ಮೂಲತಃ ಕಡಿಮೆ ಕೊಬ್ಬಿನ ತಿಂಡಿಯೇ. ಅದು ಕೆಡುವುದು ಒಗ್ಗರಣೆಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ, ಅಂದರೆ ಒಂದು ಮಧ್ಯಮ ಗಾತ್ರದ ಗಡ್ಡೆಗೆ ಸಮ. ಹಾಗೆಂದು ಎಣ್ಣೆಯನ್ನು ಪೂರ್ತಿ ಬಿಡುವುದೂ ಸರಿಯಲ್ಲ. ಇಂಗು, ಕರಿಬೇವುಗಳ ಪರಿಮಳದ ಅಂಶಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಪಲ್ಯದ ತುಂಬ ಅವನ್ನು ಹರಡುವುದು ಎಣ್ಣೆಯೇ. ನಾಲ್ವರ ಪಲ್ಯಕ್ಕೆ ಎರಡು ಟೀ ಚಮಚ ಧಾರಾಳ. ಸಾಸಿವೆ ಸಿಡಿದ ಮೇಲೆ ಈರುಳ್ಳಿ ಹಾಕಿ, ಉಪ್ಪು ಉದುರಿಸಿ, ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಉಪ್ಪಿಗೆ ಈರುಳ್ಳಿ ನೀರು ಬಿಟ್ಟುಕೊಂಡು ತನ್ನ ಹಬೆಯಲ್ಲೇ ಮೆತ್ತಗಾಗುತ್ತದೆ. ಆಮೇಲೆ ಅರಿಸಿನ, ಕೈಯಲ್ಲಿ ಪುಡಿಮಾಡಿದ ಗಡ್ಡೆ, ಅರ್ಧ ಲೋಟ ಬಿಸಿನೀರು. ಒಡೆದ ಗಡ್ಡೆಯ ಪಿಷ್ಟ ಆ ನೀರನ್ನು ಹಿಡಿದು ಪಲ್ಯವನ್ನು ನುಣುಪಾಗಿಸುತ್ತದೆ. ನಾವು ಎಣ್ಣೆಯಿಂದ ಬಂತೆಂದು ಭಾವಿಸುವ ಆ ಮೃದುತ್ವ ಹೆಚ್ಚಿನಂಶ ಪಿಷ್ಟದ್ದೇ.

ಹುರಿದ ಪಲ್ಯವೇ ಬೇಕೆನ್ನುವವರಿಗೆ ತೊಂದರೆ ಕೊಡುವುದು ತಳ ಹಿಡಿಯುವುದು. ಹೆಚ್ಚಿದಾಗ ಒಡೆದ ಕೋಶಗಳಿಂದ ಪಿಷ್ಟ ಹೊರಬಂದು, ಬಿಸಿಗೆ ಅಂಟಾಗಿ ಬಾಣಲೆಗೆ ಕಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸಲು ನಾವು ಮತ್ತೆ ಮತ್ತೆ ಎಣ್ಣೆ ಸುರಿಯುತ್ತೇವೆ. ಹೋಳುಗಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಬಟ್ಟೆಯಲ್ಲಿ ಒರೆಸಿ ಹಾಕಿದರೆ ಅರ್ಧ ಎಣ್ಣೆಗೇ ಕೆಲಸ ಮುಗಿಯುತ್ತದೆ. ಹುಣಸೆಹುಳಿ, ಟೊಮೆಟೊಗಳನ್ನು ಮಾತ್ರ ಗಡ್ಡೆ ಬೆಂದ ಮೇಲೆಯೇ ಸೇರಿಸಿ. ಹುಳಿಯಲ್ಲಿ ಕೋಶಗಳ ನಡುವಿನ ಪೆಕ್ಟಿನ್ ಬೇಗ ಕರಗದೆ ಹೋಳು ಗಟ್ಟಿಯಾಗಿಯೇ ಉಳಿಯುತ್ತದೆ.

ಬೇಯಿಸುವಾಗ ಸಿಪ್ಪೆ ಇರಲಿ. ಸುಲಿದು ಹೆಚ್ಚಿ ಬೇಯಿಸಿದರೆ ಪೊಟ್ಯಾಸಿಯಂ, ವಿಟಮಿನ್ ಸಿ ನೀರಿಗೆ ಇಳಿದು ಮೋರಿಯ ಪಾಲಾಗುತ್ತವೆ. ಬೆಳಗಿನ ಗಡಿಬಿಡಿಗೆ ಹಿಂದಿನ ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಡುವುದು ಇನ್ನೂ ಒಳ್ಳೆಯದು. ತಣಿದಾಗ ಪಿಷ್ಟದ ಒಂದು ಭಾಗ ಮತ್ತೆ ಬಿಗಿಯಾಗಿ ಹೆಣೆದುಕೊಂಡು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಕಳೆದುಹೋಗುವುದಿಲ್ಲ. ಹಸಿ ಗಡ್ಡೆಗೆ ಮಾತ್ರ ಫ್ರಿಜ್ ಬೇಡ. ಚಳಿಗೆ ಪಿಷ್ಟ ಸಕ್ಕರೆಯಾಗಿ, ಹುರಿದಾಗ, ಕರಿದಾಗ ಬೇಗ ಕಪ್ಪಾಗುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕರಿದ ಆಲೂಗಡ್ಡೆಯಲ್ಲಿ ಗುರುತಿಸಿದ, ಹಾನಿಕರವೆಂದು ಶಂಕಿಸಲಾದ ಅಕ್ರಿಲಮೈಡ್ ಎಂಬ ರಾಸಾಯನಿಕ ಕೂಡ ಹೆಚ್ಚುತ್ತದೆ. ಬೇಯಿಸಿದ ಗಡ್ಡೆಗೆ ಆ ಭಯವಿಲ್ಲ.

ಹೊಟ್ಟೆ ತುಂಬಿಸುವುದರಲ್ಲೂ ಬೇಯಿಸಿದ ಗಡ್ಡೆಯೇ ಮುಂದು. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ತಿನಿಸುಗಳನ್ನು ಒಂದೇ ಕ್ಯಾಲೊರಿ ಪ್ರಮಾಣದಲ್ಲಿ ಕೊಟ್ಟು ಹೊಟ್ಟೆ ತುಂಬಿದ ಭಾವ ಎಷ್ಟೆಂದು ಅಳೆದರು. ಬಿಳಿ ಬ್ರೆಡ್ಡಿಗೆ 100 ಅಂಕ ಇಟ್ಟುಕೊಂಡಾಗ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಎಲ್ಲಕ್ಕಿಂತ ಮೇಲಿದ್ದದ್ದು ಅದೇ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಆಲೂಗಡ್ಡೆಯನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯದೆ ಅಕ್ಕಿಯ ಲೆಕ್ಕಕ್ಕೇ ಸೇರಿಸಬೇಕು. ದೋಸೆಯೂ ಪಿಷ್ಟ, ಪಲ್ಯವೂ ಪಿಷ್ಟ. ಅವರಿಗೆ ಒಂದು ದೋಸೆ ಕಡಿಮೆ ಮಾಡಿ, ಪಲ್ಯದ ಬದಲು ಬೀನ್ಸ್, ಕ್ಯಾರೆಟ್, ಬಟಾಣಿ ಹೆಚ್ಚಾಗಿ, ಗಡ್ಡೆ ಒಂದೆರಡು ಹೋಳಷ್ಟೇ ಇರುವ ಸಾಗು ಬಡಿಸುವುದು ವಾಸಿ.