ಎಂಜಿನ್ ಎಣ್ಣೆಯಲ್ಲಿನ ಲೋಹಕಣಗಳು: ಬೇರಿಂಗು ಬದಲಿಸುವ ಮುನ್ನ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲುಸೀಮೆಗೆ ಸೇರಿದವು. ಇಲ್ಲಿ ಕಡಲೆಕಾಯಿಯ ಬಿತ್ತನೆಗೆ ನೆಲ ಹದವಾಗಿರುವ ದಿನಗಳು ಕೆಲವೇ. ಆಗ ಟ್ರಾಕ್ಟರಿನ ಎಂಜಿನು ಕೆಟ್ಟು ನಿಂತರೆ ರೈತನಿಗೆ ದುರಸ್ತಿಯ ಹಣ ಮಾತ್ರವಲ್ಲದೆ ಬಿತ್ತನೆಯ ಹದವೂ ಕೈತಪ್ಪುತ್ತದೆ. ಹೊಸ ಬೇರಿಂಗು ಹಾಕಿಸಿದ ಕೆಲವೇ ದಿನಗಳಲ್ಲಿ ಅದೇ ಬಡಿತದ ಸದ್ದು ಮರಳಿ ಕೇಳಿಬರುವುದಂತೂ ಇನ್ನೂ ಕಷ್ಟಕರವಾದ ಪ್ರಸಂಗ. ಹೀಗಾದಾಗ ಹೊಸ ಬೇರಿಂಗನ್ನು ದೂರುವುದು ವಾಡಿಕೆ. ಆದರೆ ಹಳೆಯ ಬೇರಿಂಗಿನಿಂದ ಕಳಚಿದ ಲೋಹಕಣಗಳು ಎಣ್ಣೆಯ ಮಾರ್ಗದಲ್ಲಿ ಉಳಿದಿರುವುದೇ ಅನೇಕ ವೇಳೆ ನಿಜವಾದ ಕಾರಣ. ಈ ಕಣಗಳನ್ನು ಗುರುತಿಸುವ ಹಾಗೂ ಹೊರಹಾಕುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಕ್ರ್ಯಾಂಕ್ ಷಾಫ್ಟನ್ನು ಹೊತ್ತಿರುವ ಬೇರಿಂಗು ಎರಡು ಅರ್ಧವೃತ್ತಾಕಾರದ ಚಿಪ್ಪುಗಳಿಂದ ಕೂಡಿದುದು. ಚಿಪ್ಪಿನ ಬೆನ್ನು ಉಕ್ಕಿನದು. ಅದರ ಮೇಲೆ ತಾಮ್ರ-ಸೀಸಗಳ ಅಥವಾ ಅಲ್ಯೂಮಿನಿಯಂ-ತವರಗಳ ಮಿಶ್ರಲೋಹವಿರುತ್ತದೆ. ಕೆಲವು ಬಗೆಗಳಲ್ಲಿ ಎಲ್ಲಕ್ಕೂ ಮೇಲೆ ಸೀಸ-ತವರಗಳ ತೆಳುವಾದ ಲೇಪವೂ ಉಂಟು. ಷಾಫ್ಟು ವೇಗವಾಗಿ ತಿರುಗುವಾಗ ಚಿಪ್ಪನ್ನು ಮುಟ್ಟದೆ ಎಣ್ಣೆಯ ಪೊರೆಯ ಮೇಲೆ ತೇಲುತ್ತದೆ. ಭಾರ ಬಿದ್ದಾಗ ಈ ಪೊರೆಯ ದಪ್ಪವು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗಗಳಷ್ಟು. ಮೆತ್ತನೆಯ ಮೇಲ್ಪದರವು ಸಣ್ಣ ಕಣಗಳನ್ನು ತನ್ನೊಳಗೆ ಹುದುಗಿಸಿಕೊಂಡು ಷಾಫ್ಟನ್ನು ಕಾಯಬಲ್ಲದು. ಕಣಗಳು ದೊಡ್ಡವಾದರೆ ಅಥವಾ ಹೆಚ್ಚಾದರೆ ಆ ಶಕ್ತಿ ಸಾಲದೆ ಷಾಫ್ಟಿನ ಮೈಯಲ್ಲಿ ಗೆರೆಗಳು ಬೀಳುತ್ತವೆ.

ಆದಕಾರಣ ಇಳಿಸಿದ ಎಣ್ಣೆಯನ್ನು ಒಡನೆಯೇ ಚೆಲ್ಲದೆ ಬಿಳಿಯ ಬಟ್ಟೆಯಲ್ಲಿ ಸೋಸಬೇಕು. ಫಿಲ್ಟರನ್ನು ಕೊಯ್ದು ಅದರ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಅಯಸ್ಕಾಂತಕ್ಕೆ ಅಂಟುವ ಕಣಗಳು ಲೈನರು, ಪಿಸ್ಟನ್ ರಿಂಗು, ಗೇರು ಅಥವಾ ಷಾಫ್ಟಿನಿಂದ ಬಂದವು. ಅಂಟದಿರುವ ಬೂದುಬಣ್ಣದ ಮೆತ್ತನೆಯ ಚೂರುಗಳು ಬೇರಿಂಗಿನ ಮೇಲ್ಪದರವನ್ನು ಸೂಚಿಸುತ್ತವೆ. ತಾಮ್ರವರ್ಣದವು ಅದರ ಒಳಪದರದವು, ಇಲ್ಲವೆ ಕನೆಕ್ಟಿಂಗ್ ರಾಡಿನ ಬುಷ್ಷಿನವು. ಹಗುರವಾದ ಬೆಳ್ಳಿಬಣ್ಣದವು ಪಿಸ್ಟನ್ನಿನ ಅಲ್ಯೂಮಿನಿಯಂ ಆಗಿರಬಹುದು. ಕಣ್ಣಿಗೆ ಕಾಣದ ಕಣಗಳನ್ನು ರೋಹಿತದರ್ಶಕದಿಂದ ತಿಳಿಯಬೇಕು. ರೈಲ್ವೆ ಎಂಜಿನುಗಳ ಎಣ್ಣೆಯನ್ನು ಹೀಗೆ ಪರೀಕ್ಷಿಸುವ ಪದ್ಧತಿ ಅಮೆರಿಕದಲ್ಲಿ 1940ರ ದಶಕದಲ್ಲಿಯೇ ಆರಂಭವಾಯಿತು.

ಲೋಹದೊಡನೆ ಮಣ್ಣನ್ನೂ ಗಮನಿಸುವುದು ಅವಶ್ಯ. ಸಿದ್ದರಬೆಟ್ಟ, ಮಧುಗಿರಿ ಬೆಟ್ಟಗಳ ಸುತ್ತಣ ಪ್ರದೇಶ ಗ್ರಾನೈಟು ಮತ್ತು ನೈಸ್ ಶಿಲೆಗಳ ನೆಲ. ಆ ಶಿಲೆಗಳು ಶಿಥಿಲವಾಗಿ ಉಂಟಾದ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಮಾನದಂತೆ ಬೆಣಚುಕಲ್ಲಿನ ಗಡಸುತನ 7. ಸಾಮಾನ್ಯ ಉಕ್ಕಿಗಿಂತ ಅದು ಹೆಚ್ಚು. ಏರ್ ಕ್ಲೀನರನ್ನು ಅಲಕ್ಷಿಸಿದರೆ, ಅಥವಾ ಅದರ ರಬ್ಬರ್ ಕೊಳವೆ ಸೀಳಿದ್ದರೆ, ಈ ಧೂಳು ಸಿಲಿಂಡರನ್ನು ಸೇರಿ ಲೈನರನ್ನು ಸವೆಸಿ, ರಿಂಗುಗಳ ಪಕ್ಕದಿಂದ ಎಣ್ಣೆಗೆ ಇಳಿಯುತ್ತದೆ. ಈ ಸೀಳನ್ನು ಸರಿಪಡಿಸದೆ ಬೇರಿಂಗನ್ನು ಮಾತ್ರ ಬದಲಿಸುವುದು ತೂತುಬಿದ್ದ ಕೊಡಕ್ಕೆ ನೀರು ತುಂಬಿದಂತೆ.

ಫಿಲ್ಟರು ಎಲ್ಲವನ್ನೂ ತಡೆಯುವುದೆಂಬ ನಂಬಿಕೆಯೂ ಸಲ್ಲದು. ಫಿಲ್ಟರು ಕಟ್ಟಿಕೊಂಡಾಗ, ಅಥವಾ ತಣ್ಣಗಿನ ಎಣ್ಣೆ ಮಂದವಾಗಿದ್ದಾಗ, ಬೈಪಾಸ್ ಕವಾಟವು ತೆರೆದು ಎಣ್ಣೆ ಸೋಸದೆಯೇ ಬೇರಿಂಗಿಗೆ ಹರಿಯುತ್ತದೆ. ಆದುದರಿಂದ ಚೇಂಬರನ್ನು ಇಳಿಸಿ, ಜಾಲರಿಯನ್ನು ತೊಳೆದು, ಎಣ್ಣೆಯ ಪಂಪನ್ನೂ ಒತ್ತಡದ ಕವಾಟವನ್ನೂ ಬಿಚ್ಚಿ ನೋಡಬೇಕು. ಪಂಪಿನ ಗೇರುಗಳಲ್ಲಿ ಆಳವಾದ ಗೆರೆಗಳಿದ್ದರೆ ಅದನ್ನು ಬದಲಿಸಬೇಕು. ಬ್ಲಾಕಿನೊಳಗಣ ಎಣ್ಣೆದಾರಿಗಳ ಪ್ಲಗ್ಗುಗಳನ್ನು ತೆಗೆದು, ಉದ್ದನೆಯ ಬ್ರಷ್ಷಿನಿಂದ ಡೀಸೆಲ್ ಹಾಕಿ ಉಜ್ಜಿ, ಒತ್ತಡದ ಗಾಳಿಯಿಂದ ಊದಬೇಕು. ಷಾಫ್ಟಿನೊಳಗೆ ಕೊರೆದಿರುವ ಓರೆಯ ರಂಧ್ರಗಳಲ್ಲಿ ಕೊಳೆ ಗಟ್ಟಿಯಾಗಿ ಕುಳಿತಿರುತ್ತದೆ. ಷಾಫ್ಟನ್ನು ಇಳಿಸದೆ ಚಿಪ್ಪುಗಳನ್ನಷ್ಟೇ ಬದಲಿಸಿದಲ್ಲಿ ಈ ಕೊಳೆ ನೇರವಾಗಿ ಹೊಸ ಚಿಪ್ಪಿಗೆ ಬರುವ ಭಯವುಂಟು. ಆಯಿಲ್ ಕೂಲರು ಇದ್ದರೆ, ಅದರ ಕಿರಿದಾದ ಸಂದುಗಳನ್ನು ಪೂರ್ಣ ತೊಳೆಯುವುದು ದುಸ್ತರವಾದ್ದರಿಂದ, ಹೊಸದನ್ನು ಹಾಕುವುದು ಲೇಸು.

ಷಾಫ್ಟನ್ನು ಮೈಕ್ರೋಮೀಟರಿನಿಂದ ಅಳೆದು, ಗ್ರೈಂಡಿಂಗ್ ಮಾಡಿಸಿದ್ದಲ್ಲಿ ಅದರ ರಂಧ್ರಗಳನ್ನು ಮತ್ತೊಮ್ಮೆ ತೊಳೆಯಬೇಕು. ಗ್ರೈಂಡಿಂಗಿನ ಪುಡಿಯೂ ಲೋಹಕಣವೇ. ಜೋಡಿಸುವಾಗ ಚಿಪ್ಪುಗಳಿಗೆ ಎಣ್ಣೆ ಸವರಿ, ಹೊಸ ಫಿಲ್ಟರು ಹಾಕಿ, ಇಂಧನವನ್ನು ತಡೆದು, ಎಣ್ಣೆಯ ಒತ್ತಡ ಕಾಣುವವರೆಗೆ ಎಂಜಿನನ್ನು ತಿರುಗಿಸಬೇಕು. ಕೆಲವು ಗಂಟೆಗಳ ಹಗುರವಾದ ಕೆಲಸದ ತರುವಾಯ ಎಣ್ಣೆ ಇಳಿಸಿ, ಫಿಲ್ಟರನ್ನು ಪುನಃ ಕೊಯ್ದು ನೋಡಿದರೆ ಶುದ್ಧಿಯು ಪೂರ್ಣವಾಯಿತೇ ಎಂಬುದು ತಿಳಿಯುತ್ತದೆ.

ಇಷ್ಟಕ್ಕೆ ಹೆಚ್ಚಿನ ಕಾಲ ಹಿಡಿಯುವುದು ನಿಜ. ಬಿತ್ತನೆಯ ಆತುರದಲ್ಲಿರುವ ರೈತನೂ, ಸರದಿಯ ಒತ್ತಡದಲ್ಲಿರುವ ಮೆಕ್ಯಾನಿಕ್ಕೂ ಇದನ್ನು ಬಿಟ್ಟುಬಿಡಲು ಮನಮಾಡುವುದು ಸಹಜ. ಆದಕಾರಣ ಬೇಸಗೆಯಲ್ಲಿ ಎಣ್ಣೆ ಬದಲಿಸುವಾಗಲೇ ಹಳೆಯ ಫಿಲ್ಟರನ್ನು ಕೊಯ್ದು ನೋಡುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕೆಂದು ಸೂಚಿಸುತ್ತೇವೆ. ಆಗ ಹೊಳೆಯುವ ಕಣಗಳು ಕಂಡುಬಂದರೆ ಮುಂಗಾರಿಗೆ ಮೊದಲೇ ಎಂಜಿನನ್ನು ಬಿಚ್ಚಲು ಕಾಲಾವಕಾಶ ದೊರೆಯುತ್ತದೆ.