ಲಾರಿ ಸ್ಟೇರಿಂಗ್ ಬಿಗಿಯಾದರೆ ಬಾಕ್ಸ್ ಬದಲಿಸೋದೇನಾ?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಹೆದ್ದಾರಿ 48ರಲ್ಲಿ ಹೊರಟ ಲಾರಿಗಳು ಖಂಡಾಲಾ ಘಾಟಿ ಇಳಿದು ಕಳಂಬೋಲಿಯಲ್ಲಿ ಬಂದು ನಿಲ್ಲೋದನ್ನ ನವಿ ಮುಂಬೈಯಲ್ಲಿರೋ ನೀವೆಲ್ಲ ನೋಡಿರ್ತೀರಿ. ಸ್ಟೇರಿಂಗ್ ಬಿಗಿ ಅಂದ್ರೆ ಸಾಕು, "ಬಾಕ್ಸ್ ಹೋಗಿದೆ, ಬದಲಿಸಿ" ಅನ್ನೋ ಮೆಕ್ಯಾನಿಕ್‌ಗಳಿದ್ದಾರೆ. ಊರಲ್ಲಿ ಅಣ್ಣನದೋ ಮಾವನದೋ ಲಾರಿ ಇದ್ದವರಿಗೆ ಅದೆಷ್ಟು ದುಡ್ಡಿನ ಮಾತು ಅಂತ ಗೊತ್ತು. ನಮ್ಮ ಕೆಲಸದಲ್ಲಿ ಬಗ್ ಎಲ್ಲಿದೆ ಅಂತ ನೋಡದೆ ಯಾರಾದರೂ ಇಡೀ ಮಾಡ್ಯೂಲ್ ಹೊಸದಾಗಿ ಬರೀತಾರಾ?

ಇಂಜಿನ್ ತಿರುಗಿಸುವ ಪಂಪ್, ಆಯಿಲನ್ನು ಒತ್ತಡದಲ್ಲಿ ಬಾಕ್ಸಿಗೆ ಕಳಿಸುತ್ತದೆ. ಸ್ಟೇರಿಂಗ್ ತಿರುಗಿಸಿದ ಕಡೆಗೆ ವಾಲ್ವ್ ತೆರೆದು, ಆಯಿಲ್ ಪಿಸ್ಟನ್ ತಳ್ಳುತ್ತದೆ. ಇಂಜಿನ್ ನಿಂತರೆ ಈ ಸಹಾಯವೂ ನಿಂತಿತು, ಭಾರವೆಲ್ಲ ಡ್ರೈವರ್ ತೋಳಿಗೆ. ಡೀಸೆಲ್ ಉಳಿಸೋಕೆ ಇಂಜಿನ್ ಆಫ್ ಮಾಡಿ ಘಾಟಿ ಇಳಿಸೋದು ಅದಕ್ಕೇ ಅಪಾಯ. (ಬ್ರೇಕಿನ ಗಾಳಿಯ ಕಥೆ ಇನ್ನೊಂದು ವಿಡಿಯೋಗೆ.)

ಮೊದಲು ಆಯಿಲ್ ನೋಡಿ. ನೊರೆ ಬಂದಿದ್ರೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನಲ್ಲಿ ಗಾಳಿ ಎಳೀತಿರಬಹುದು, ಕ್ಲಾಂಪ್ ಬಿಗಿ ಮಾಡಿ. ಹಾಲಿನ ಬಣ್ಣ ಅಂದ್ರೆ ನೀರು ಸೇರಿದೆ. ಎರಡೂ ಕಡೆ ಬಿಗಿಯಾದರೆ ಅನುಮಾನ ಆಯಿಲ್, ಪಂಪ್ ಮೇಲೆ. ಒಂದೇ ಕಡೆ ಬಿಗಿಯಾದರೆ ಬಾಕ್ಸಿನ ಒಳಗೆ.

ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಮುಂದಿನ ಆಕ್ಸಲ್ ಎತ್ತಿ, ಡ್ರ್ಯಾಗ್ ಲಿಂಕ್ ಬಿಚ್ಚಿ, ಗಾಲಿಯನ್ನು ಕೈಯಿಂದ ತಿರುಗಿಸಿ. ಆಗಲೂ ಗಟ್ಟಿಯಾಗಿದ್ರೆ ತಪ್ಪು ಹೈಡ್ರಾಲಿಕ್‌ನದ್ದಲ್ಲ, ಕಿಂಗ್ ಪಿನ್ನದ್ದು. ಮುಂಬೈ ಮಳೆಗಾಲದ ನೀರಲ್ಲಿ ಓಡಿ ಗ್ರೀಸ್ ತೊಳೆದುಹೋದ ಗಾಡಿಗೆ ಹೊಸ ಬಾಕ್ಸ್ ಹಾಕಿದರೂ ಸ್ಟೇರಿಂಗ್ ಹಗುರ ಆಗಲ್ಲ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ದುಡ್ಡು ಉಳಿಸೋ ಹಂತ ಇದೇ.

ಗಾಲಿ ಸಲೀಸಾಗಿದ್ರೆ ಲಿಂಕ್ ಮತ್ತೆ ಜೋಡಿಸಿ, ಗಾಡಿ ಇಳಿಸಿ, ಪಂಪ್ ಮತ್ತು ಬಾಕ್ಸ್ ನಡುವೆ ಗೇಜ್, ಅದರ ಮುಂದೆ ಒಂದು ವಾಲ್ವ್ ಹಾಕಿಸಿ. ಆಯಿಲ್ ಬಿಸಿಯಾದ ಮೇಲೆ ವಾಲ್ವ್ ಮುಚ್ಚಿ. 5 ಸೆಕೆಂಡಿಗಿಂತ ಹೆಚ್ಚು ಬೇಡ, ಪಂಪ್ ಸುಟ್ಟುಹೋದೀತು. ಒತ್ತಡ ಕಂಪನಿ ಹೇಳಿದಷ್ಟು ಬರದಿದ್ರೆ ಪಂಪ್ ಅಥವಾ ಅದರ ರಿಲೀಫ್ ವಾಲ್ವ್ ಕೆಟ್ಟಿದೆ. ಬಂದರೆ, ವಾಲ್ವ್ ತೆರೆದು, ಆಕ್ಸಲ್ ಸ್ಟಾಪಿಗೆ ಕಬ್ಬಿಣದ ತುಂಡು ಕೊಟ್ಟು ಪೂರ್ತಿ ತಿರುಗಿಸಿ (ಕೈ ದೂರ ಇರಲಿ!). ಈಗ ಒತ್ತಡ ಮೊದಲಿನಷ್ಟು ಏರದಿದ್ರೆ ಆಯಿಲ್ ಬಾಕ್ಸಿನೊಳಗೇ ಸೋರುತ್ತಿದೆ. ಆಗ ಬಾಕ್ಸ್ ಬಿಚ್ಚಿ. ಸೀಲ್ ಕಿಟ್ ಹಾಕಿದರೇ ಸರಿಹೋಗುತ್ತಾ ಅಂತ ಕೇಳಿ.